ಬೇಕರ್ ಸ್ಟ್ರೀಟ್ ಬಾಗಿಲಲ್ಲಿ ಬೂಟು ಬಿಚ್ಚಬಾರದು

ನನ್ನ ಮೊದಲ ಷರ್ಲಾಕ್ ಹೋಮ್ಸ್ ಕಥೆಯ ಕರಡನ್ನು ಅಕ್ಕನ ಕೈಗೆ ಕೊಟ್ಟಿದ್ದೆ. ಎರಡನೇ ಪುಟಕ್ಕೇ ನಿಂತಳು. "ಏನೋ ಇದು, ಲಂಡನ್ನಲ್ಲೂ ಬಾಗಿಲಲ್ಲಿ ಬೂಟು ಬಿಚ್ಚಿಟ್ಟು ಒಳಗೆ ಬರ್ತಾರಾ?" ಅಂದಳು. ನೋಡಿಕೊಂಡೆ. ಹೌದು, ಬರೆದುಬಿಟ್ಟಿದ್ದೆ. ಸಹಾಯ ಕೇಳಿಕೊಂಡು ಬಂದ ಗಡಿಯಾರ ರಿಪೇರಿಯವನು ಕೆಳಗೆ ಬೂಟು ಬಿಟ್ಟು, ಬೇಕರ್ ಸ್ಟ್ರೀಟ್ ಮನೆಯ 17 ಮೆಟ್ಟಿಲು ಹತ್ತಿ, ಬರಿಗಾಲಲ್ಲಿ ಪತ್ತೇದಾರ ಹೋಮ್ಸ್ ಎದುರು ನಿಂತಿದ್ದ. ನಗುವ ವಿಷಯವೇ. ಆದರೆ ಅದರಿಂದ ಕಥೆಯೂ ಕೆಟ್ಟಿತ್ತು. ಬೂಟಿನ ತುದಿಗೆ ಮೆತ್ತಿದ ಮಣ್ಣು ನೋಡಿಯೇ ಬಂದವನು ನೈಋತ್ಯದ ಕಡೆಯವನು ಎಂದು ಹೇಳುವ ಮನುಷ್ಯ ಹೋಮ್ಸ್. ಬೂಟನ್ನೇ ಕೆಳಗೆ ಬಿಡಿಸಿದರೆ ಅವನಿಗೇನು ಕೆಲಸ?

ನಾನು ಬರೆಯುವುದು ಹಳೇ ಮಾದರಿಯ ಹೋಮ್ಸ್ ಕಥೆಗಳನ್ನು. ಅದೇ ಲಂಡನ್, ಅದೇ ಗ್ಯಾಸ್ ದೀಪ, ಕಥೆ ಹೇಳುವವನು ಹೋಮ್ಸನ ಗೆಳೆಯ ಡಾಕ್ಟರ್ ವಾಟ್ಸನ್. ಮೊಬೈಲ್ ಇಲ್ಲ, ದೆವ್ವ ಇಲ್ಲ. "ಹೋಮ್ಸನ್ನು ಮೈಸೂರಿಗೆ ಕರ್ಕೊಂಡು ಬನ್ನಿ, ಮಜಾ ಇರುತ್ತೆ" ಅಂತ ಗೆಳೆಯರು ಹೇಳುತ್ತಲೇ ಇರುತ್ತಾರೆ. ಇರಬಹುದು. ನನಗೆ ಬೇಕಾದದ್ದು ಅದಲ್ಲ. ಹೈಸ್ಕೂಲಿನಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳ ಜೊತೆಗೇ ಹೋಮ್ಸನನ್ನೂ ಓದಿದವನು ನಾನು. ಆ ಮಾಳಿಗೆಯ ಕೋಣೆಗೆ ಇನ್ನೊಂದು ಸಲ ಹೋಗಿ ಕೂರಬೇಕಿತ್ತು, ಅಷ್ಟೇ. ಕಾನೂನಿನ ತೊಡಕೂ ಇಲ್ಲ. ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ತೀರಿಕೊಂಡದ್ದು 1930ರಲ್ಲಿ. ಭಾರತದಲ್ಲಿ ಹಕ್ಕು ಇರುವುದು ಲೇಖಕ ತೀರಿಕೊಂಡ ಮೇಲೆ 60 ವರ್ಷ. ಅಮೆರಿಕದಲ್ಲಿ ಮಾತ್ರ ಕೊನೆಯ ಕಥೆಗಳು ಆ ಹಕ್ಕಿನಿಂದ ಬಿಡುಗಡೆಯಾಗಲು 2023ರ ಜನವರಿವರೆಗೆ ಕಾಯಬೇಕಾಯಿತು.

ಬರೆಯುವ ಮೊದಲು ಒಂದು ನೋಟ್‌ಬುಕ್ ಇಟ್ಟುಕೊಂಡು ಎಲ್ಲವನ್ನೂ ಮತ್ತೆ ಓದಿದೆ. ಒಟ್ಟು 60: ನಾಲ್ಕು ಕಾದಂಬರಿ, 56 ಸಣ್ಣ ಕಥೆ. ಮೊದಲನೆಯದು 1887ರದು, ಕೊನೆಯದು 1927ರದು. ಓದುತ್ತಾ ಕೆಲವು ಭ್ರಮೆಗಳು ಹೋದವು. 'ಎಲಿಮೆಂಟರಿ, ಮೈ ಡಿಯರ್ ವಾಟ್ಸನ್' ಅನ್ನುವ ಮಾತು ಹಾಗೇ ಒಂದೇ ಸಾಲಾಗಿ 60ರಲ್ಲಿ ಎಲ್ಲೂ ಇಲ್ಲ. ಮುಂದೂ ಹಿಂದೂ ಅಂಚು ಚಾಚಿದ, ಹೋಮ್ಸನ ಆ ಟೋಪಿಯನ್ನು ಜನರ ಮನಸ್ಸಿನಲ್ಲಿ ಕೂರಿಸಿದ್ದು ಚಿತ್ರ ಬರೆದ ಸಿಡ್ನಿ ಪ್ಯಾಜೆಟ್. ನನ್ನ ಕಥೆಯಲ್ಲಿ ಹೋಮ್ಸ್ ಪೇಟೆಯೊಳಗೆ ಆ ಟೋಪಿ ಹಾಕುವುದಿಲ್ಲ. ಹಳ್ಳಿ ಕಡೆ ರೈಲು ಹತ್ತಿದರೆ ಮಾತ್ರ.

ಇನ್ನೊಂದು ವಿಷಯ ನನಗೆ ಧೈರ್ಯ ಕೊಟ್ಟಿತು. ಎಷ್ಟೋ ಕಥೆಗಳಲ್ಲಿ ಕೊಲೆಯೇ ಇಲ್ಲ. ಕ್ರಿಸ್ಮಸ್ ಹೆಬ್ಬಾತಿನ ಹೊಟ್ಟೆಯಲ್ಲಿ ನೀಲಿ ಹರಳು ಸಿಕ್ಕ ಕಥೆಯಲ್ಲಿ ಹೋಮ್ಸ್ ಕಳ್ಳನನ್ನು ಬಿಟ್ಟೇ ಕಳಿಸುತ್ತಾನೆ. ಹಳದಿ ಮುಖದ ಕಥೆಯಲ್ಲಂತೂ ಅವನ ಊಹೆ ಪೂರ್ತಿ ತಪ್ಪು. ಹೊಸದಾಗಿ ಬರೆಯುವವರು ಮೊದಲ ಪುಟದಲ್ಲೇ ಹೆಣ ಬೀಳಿಸುತ್ತಾರೆ. ನಾನೂ ಬೀಳಿಸಿದ್ದೆ. ಆಮೇಲೆ ಎತ್ತಿಸಿದೆ.

ಕಷ್ಟ ಶುರುವಾದದ್ದು ಕನ್ನಡದಿಂದಲೇ. ಪ್ರತಿಯೊಂದು ಪದವೂ ನನ್ನನ್ನು ಮೆಲ್ಲಗೆ ಊರಿಗೆ ಎಳೆಯುತ್ತಿತ್ತು. ಲಂಡನ್ನಿನ ಬಾಡಿಗೆ ಕುದುರೆಗಾಡಿ ಹ್ಯಾನ್ಸಮ್ ಕ್ಯಾಬನ್ನು 'ಜಟಕಾ' ಅಂತ ಬರೆದೆ. ಬರೆದ ಕೂಡಲೇ ಮೈಸೂರಿನ ಸಯ್ಯಾಜಿರಾವ್ ರಸ್ತೆ ಕಣ್ಣಿಗೆ ಬಂತು. ಜಟಕಾದಲ್ಲಿ ಓಡಿಸುವವನು ಮುಂದೆ ಕೂರುತ್ತಾನೆ. ಹ್ಯಾನ್ಸಮ್‌ನಲ್ಲಿ ಅವನು ಹಿಂದೆ, ಎತ್ತರದಲ್ಲಿ. ಒಳಗೆ ಇಬ್ಬರಿಗೆ ಜಾಗ. ಇದನ್ನು ತಪ್ಪು ಮಾಡಿದರೆ 'ಗಾಡಿಯವನಿಗೆ ಕೇಳದ ಹಾಗೆ ಪಿಸುಗುಟ್ಟಿದ' ಅನ್ನುವ ಸಾಲೇ ತಪ್ಪಾಗುತ್ತದೆ. ಕೊನೆಗೆ 'ಹ್ಯಾನ್ಸಮ್ ಗಾಡಿ' ಅಂತಲೇ ಇಟ್ಟೆ.

ಮಂಜಿನದ್ದೂ ಅದೇ ಗೋಳು. ಕನ್ನಡದಲ್ಲಿ ಮಂಜು ಅಂದರೆ ಮಡಿಕೇರಿ, ಬೆಳಗಿನ ಕಾಫಿ. ಲಂಡನ್ನಿನದು ಕಲ್ಲಿದ್ದಲ ಹೊಗೆ ಬೆರೆತ ಹಳದಿ ಮುಸುಕು, ಗಂಟಲು ಕೆರೆಯುವಂಥದ್ದು. ಹಾಗಾಗಿ ನಾನು 'ಹೊಗೆಮಂಜು' ಅಂತ ಬರೆದು, ಜೊತೆಗೆ ಯಾರಾದರೂ ಒಬ್ಬರು ಕೆಮ್ಮುವಂತೆ ನೋಡಿಕೊಳ್ಳುತ್ತೇನೆ.

ಸೂರ್ಯ ಕೂಡ ಮೋಸ ಮಾಡಿದ. ನಮಗೆ ವರ್ಷವಿಡೀ ಸಂಜೆ ಆರು, ಆರೂವರೆ ಅಂದರೆ ಮಬ್ಬುಗತ್ತಲು. ಜೂನ್ ತಿಂಗಳ ಕಥೆಯಲ್ಲಿ 'ಸಂಜೆ ಆರಕ್ಕೆ ಕತ್ತಲಾವರಿಸಿತು, ಕಳ್ಳ ಗೋಡೆ ಹಾರಿದ' ಎಂದು ಬರೆದಿದ್ದೆ. ಲಂಡನ್ನಿನಲ್ಲಿ ಜೂನ್ ಸಂಜೆ ಎಂಟಾದರೂ ಬೆಳಕು. ಡಿಸೆಂಬರಿನಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗಿರುತ್ತಾನೆ. ಆ ಕಳ್ಳನನ್ನು ಡಿಸೆಂಬರಿಗೆ ಕಳಿಸಿದೆ.

ಇಸವಿಯ ತಪ್ಪುಗಳ ಲೆಕ್ಕ ಬೇರೆಯೇ ಇದೆ. 1889ರ ಕಥೆಯಲ್ಲಿ ಒಬ್ಬನನ್ನು ಟವರ್ ಬ್ರಿಡ್ಜ್ ಮೇಲೆ ಓಡಿಸಿದ್ದೆ. ಆ ಸೇತುವೆ ಜನರಿಗೆ ತೆರೆದದ್ದೇ 1894ರಲ್ಲಿ. ಬೇಕರ್ ಸ್ಟ್ರೀಟ್‌ನ ನೆಲದಡಿ ರೈಲು 1863ರಿಂದಲೇ ಇತ್ತು ನಿಜ, ಆದರೆ ಅದು ಹೊಗೆ ಉಗುಳುವ ಉಗಿಬಂಡಿ. ನಾನು ಅದನ್ನು ನಮ್ಮ ಮೆಟ್ರೋ ಥರ ಸದ್ದಿಲ್ಲದೆ ಬರಿಸಿದ್ದೆ. ಬೆರಳಚ್ಚನ್ನೂ ಹಾಗೇ ಸುಮ್ನೆ ತುರುಕಲು ಆಗುವುದಿಲ್ಲ. ಲಂಡನ್ ಪೊಲೀಸರ ಸ್ಕಾಟ್ಲೆಂಡ್ ಯಾರ್ಡ್‌ನಲ್ಲಿ ಅದಕ್ಕೊಂದು ವಿಭಾಗ ಬಂದದ್ದು 1901ರಲ್ಲಿ. ಕಲ್ಕತ್ತೆಯಲ್ಲಿ ಅದು 1897ರಲ್ಲೇ ಇತ್ತು, ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅಲ್ಲಿ ದುಡಿದವರು. ಈ ಸಂಗತಿಯನ್ನು ಯಾವುದಾದರೂ ಕಥೆಯಲ್ಲಿ ಬಳಸಬೇಕು ಅಂತ ತುಂಬಾ ಆಸೆ ಇದೆ. ಇನ್ನೂ ಜಾಗ ಸಿಕ್ಕಿಲ್ಲ.

ಇಷ್ಟೆಲ್ಲ ತಪ್ಪು ಮಾಡಿ ಬೇಜಾರಾದಾಗ ನಾನು ಡಾಯ್ಲ್‌ನ ಹಾವನ್ನು ನೆನಪಿಸಿಕೊಳ್ಳುತ್ತೇನೆ. ಚುಕ್ಕೆಪಟ್ಟಿಯ ಆ ಕಥೆಯಲ್ಲಿ ಭಾರತದ ಹಾವೊಂದು ತಟ್ಟೆಯ ಹಾಲಿನ ಆಸೆಗೆ, ಸಿಳ್ಳೆ ಕೇಳಿ, ಹಗ್ಗ ಹತ್ತಿ ವಾಪಸ್ ಬರುತ್ತದೆ. ನಾವೂ ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವವರೇ, ಆದರೂ ಹಾವು ಹಾಲಿಗೆ ಬರುವ ಪ್ರಾಣಿಯಲ್ಲ ಅಂತ ಗೊತ್ತಲ್ವಾ. ಅವನು ಹೇಳುವ ಜಾತಿಯ ಹಾವೇ ಇಲ್ಲಿಲ್ಲ. ಅಷ್ಟಾದರೂ ಅದನ್ನು ಓದುವಾಗ ಇವತ್ತಿಗೂ ಕಾಲು ಮೇಲೆತ್ತಿ ಕೂರುತ್ತೇನೆ.

ಆ ಕಥೆಯೇ ನನಗೆ ಇನ್ನೊಂದು ಎಚ್ಚರಿಕೆ ಕೊಟ್ಟಿತು. ಸಾಯುವವಳು ಹೇಳುವ 'ಬ್ಯಾಂಡ್' ಅನ್ನುವ ಪದಕ್ಕೆ ಇಂಗ್ಲಿಷಿನಲ್ಲಿ ಪಟ್ಟಿ ಅಂತಲೂ ಅರ್ಥ, ತಂಡ ಅಂತಲೂ ಅರ್ಥ. ಓದುಗ ದಾರಿ ತಪ್ಪುವುದು ಅಲ್ಲೇ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಇಲ್ಲ. ಹಾಗಂತ ನಾನು ಕನ್ನಡದ ಶ್ಲೇಷೆ ಮಾಡಿದರೆ ಅದು ಮೋಸ, ಯಾಕಂದರೆ ಆ ಜನ ಮಾತಾಡುವುದು ಇಂಗ್ಲಿಷ್. ಪದದ ಸುಳಿವು ಬೇಡ, ವಸ್ತುವಿನ ಸುಳಿವು ಮಾತ್ರ ಸಾಕು ಅಂತ ತೀರ್ಮಾನಿಸಿದೆ.

ಇನ್ನು 'ನೀನು' ಮತ್ತು 'ನೀವು'. ಇದಕ್ಕೇ ನನಗೆ ಎರಡು ತಿಂಗಳು ಹೋಯಿತು. ಮೊದಲು ಹೋಮ್ಸ್, ವಾಟ್ಸನ್ ಇಬ್ಬರೂ ಪರಸ್ಪರ 'ನೀವು' ಅನ್ನುತ್ತಿದ್ದರು. ಓದಿದರೆ ಬ್ಯಾಂಕಿನ ಮ್ಯಾನೇಜರೂ ಕ್ಯಾಷಿಯರೂ ಮಾತಾಡಿದ ಹಾಗಿತ್ತು. 'ಮಿತ್ರಾ ವಾಟ್ಸನ್' ಅಂತ ಸೇರಿಸಿ ನೋಡಿದೆ, ಕಂಪನಿ ನಾಟಕವಾಯಿತು. ಒಂದೇ ಮನೆಯಲ್ಲಿ ಇದ್ದು, ಒಂದೇ ಡಬ್ಬಿಯ ತಂಬಾಕು ಸೇದುವವರು ಅವರು. 'ನೀನು' ಅನ್ನಿಸಿದ ಮೇಲೆ ಕೋಣೆ ಬೆಚ್ಚಗಾಯಿತು. ಮನೆಯೊಡತಿ ಮಿಸೆಸ್ ಹಡ್ಸನ್‌ಗೆ ಇಬ್ಬರೂ 'ನೀವು'. ಪೊಲೀಸ್ ಇನ್ಸ್‌ಪೆಕ್ಟರ್ ಲೆಸ್ಟ್ರೇಡ್‌ಗೂ 'ನೀವು', ಅದರಲ್ಲಿ ಸ್ವಲ್ಪ ಚುಚ್ಚು. ಬೀದಿಹುಡುಗ ವಿಗ್ಗಿನ್ಸ್‌ಗೆ 'ನೀನು'. ಸಹಾಯ ಕೇಳಿ ಬಂದವರು ಬಡವರೇ ಇರಲಿ, ರಾಜರೇ ಇರಲಿ, ಎಲ್ಲರಿಗೂ ಒಂದೇ 'ನೀವು'. ಒಂದು ಕಡೆ ಮಾತ್ರ ಸಿಟ್ಟು ಬಂದ ಹೋಮ್ಸ್, ವಾಟ್ಸನ್‌ಗೆ "ನೀವು ಡಾಕ್ಟರು, ನಿಮಗೆ ಗೊತ್ತಿರಬೇಕು" ಅನ್ನುತ್ತಾನೆ. ಆ ಒಂದು 'ನೀವು' ಬಾಗಿಲು ದಬಾರನೆ ಹಾಕಿದ ಹಾಗೆ ಕೇಳುತ್ತದೆ. ಇಂಗ್ಲಿಷಿನಲ್ಲಿ ಬರೆದಿದ್ದರೆ ಈ ಏಟು ನನಗೆ ಸಿಗುತ್ತಿರಲಿಲ್ಲ.

ಕ್ರಿಯಾಪದ ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ. ವೇಷ ಹಾಕಿದವರನ್ನು 'ಬಂದ' ಅನ್ನಬೇಕೋ, 'ಬಂದಳು' ಅನ್ನಬೇಕೋ? ಡಾಯ್ಲ್ ಕಥೆಯೊಂದರ ನಾಯಕಿ ಐರೀನ್ ಆಡ್ಲರ್ ಗಂಡಸಿನ ವೇಷದಲ್ಲಿ ಹೋಮ್ಸ್‌ಗೆ ಶುಭರಾತ್ರಿ ಹೇಳಿ ಹೋಗುವ ಜಾಗವನ್ನು ಮತ್ತೆ ನೋಡಿದೆ. ಡಾಯ್ಲ್ ಅಲ್ಲಿ ಹುಷಾರಿ. ಆ ಮಾತು ಒಬ್ಬ ತೆಳ್ಳನೆ ಹುಡುಗನ ಕಡೆಯಿಂದ ಬಂದ ಹಾಗಿತ್ತು ಅನ್ನುತ್ತಾನೆ, ಅಷ್ಟೇ. ನಾನೂ ಅದೇ ದಾರಿ ಹಿಡಿದೆ. ಮನುಷ್ಯರನ್ನು ಬಿಟ್ಟು ವಸ್ತುಗಳಿಂದ ಕೆಲಸ ಮಾಡಿಸಿದೆ. ಧ್ವನಿ ಬಂತು, ಉದ್ದ ಕೋಟು ದೀಪದ ಕೆಳಗೆ ದಾಟಿತು, ನೆರಳು ಮೂಲೆ ತಿರುಗಿತು. ಆದರೆ ಇದನ್ನು ಒಬ್ಬರಿಗೇ ಮಾಡಿದರೆ ಜಾಣ ಓದುಗ ಹಿಡಿದುಬಿಡುತ್ತಾನೆ. ಅದಕ್ಕೇ ಇಡೀ ಬೀದಿಯನ್ನೇ ಕೋಟು, ಕೊಡೆ, ನೆರಳುಗಳಿಂದ ತುಂಬಿಸಬೇಕಾಯಿತು.

ಈಗ ಆ ಗಡಿಯಾರದವನ ವಿಷಯ. ಅವನು ಹುಟ್ಟಿದ್ದು ಬೆಂಗಳೂರಿನ ಅವೆನ್ಯೂ ರಸ್ತೆ ಪಕ್ಕದ ಒಂದು ಸಣ್ಣ ವಾಚ್ ರಿಪೇರಿ ಅಂಗಡಿಯಲ್ಲಿ. ಅಪ್ಪನ ಹಳೇ ವಾಚ್ ಕೊಡಲು ಹೋಗಿದ್ದೆ. ಅಂಗಡಿಯ ಹಿರಿಯರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಹಿಂದಿನ ಮುಚ್ಚಳ ಎತ್ತಲು. ಒಂದು ಕಣ್ಣಿನ ಸುತ್ತ ಭೂತಗನ್ನಡಿ ಸಿಕ್ಕಿಸಿ ಸಿಕ್ಕಿಸಿ ಬಿದ್ದ ಗುಂಡನೆ ಗುರುತು. ಹೋಮ್ಸ್ ಇನ್ನೇನು ನೋಡಬೇಕು? ಇಬ್ಬರ ಮಧ್ಯೆ ಸಮುದ್ರವಿದ್ದರೂ ಕಸುಬಿನ ಗುರುತು ಒಂದೇ. ಅವನನ್ನು ಲಂಡನ್ನಿನ ಗಡಿಯಾರದವರ ಕೇರಿ ಕ್ಲರ್ಕೆನ್‌ವೆಲ್‌ನಲ್ಲಿ ಇಟ್ಟೆ.

ಕಥೆ ಇಷ್ಟು. ಯಜಮಾನ ತೀರಿಹೋಗಿ ಬೀಗ ಹಾಕಿದ ಮನೆ. ಪ್ರತಿ ಸೋಮವಾರ ಹೋಗಿ ಅಲ್ಲಿನ ನಿಲುವು ಗಡಿಯಾರಕ್ಕೆ ಕೀ ಕೊಟ್ಟು ಬರುವುದು ಇವನ ಕೆಲಸ. ಎಂಟು ದಿನ ಓಡುವ ಅಂಥ ಗಡಿಯಾರದ ಕೀ ದಿನಕ್ಕೆ ಎರಡು ಸುತ್ತಿನ ಲೆಕ್ಕ. ವಾರಕ್ಕೆ 14 ಸುತ್ತು ಹಿಡಿಯಬೇಕು. ಒಂದು ಸೋಮವಾರ ಕೀ ಆರೇ ಸುತ್ತಿಗೆ ನಿಂತುಬಿಟ್ಟಿತು. ಅಂದರೆ ಮೂರು ದಿನದ ಹಿಂದೆ, ಶುಕ್ರವಾರ, ಯಾರೋ ಕೀ ಕೊಟ್ಟಿದ್ದಾರೆ. ಶುಕ್ರವಾರ ರಾತ್ರಿ ಕೀ ಕೊಡುವ ಅಭ್ಯಾಸ ಆ ಮನೆಯಲ್ಲಿ ಒಬ್ಬನಿಗೆ ಮಾತ್ರ ಇತ್ತು. ಸತ್ತ ಯಜಮಾನನಿಗೆ. ನಾರ್‌ವುಡ್‌ನ ಕಂಟ್ರಾಕ್ಟರ್ ತನ್ನ ಮನೆಯ ಸುಳ್ಳು ಗೋಡೆ ಹಿಂದೆ ಅಡಗಿ ಕೂತ ಡಾಯ್ಲ್ ಕಥೆಗೆ ಇದು ಚಿಕ್ಕಪ್ಪನ ಮಗ, ಒಪ್ಪುತ್ತೇನೆ.

ಆರು ಸುತ್ತನ್ನು ಎಲ್ಲಿ ಬಚ್ಚಿಡುವುದು? ಮೊದಲ ಕರಡಿನಲ್ಲಿ ಅದು ಒಂದು ಪ್ಯಾರಾದ ಕೊನೆಯ ಸಾಲಾಗಿತ್ತು. ಅಕ್ಕ ಅಲ್ಲೇ ಬೆರಳಿಟ್ಟಳು. ಕೊನೆಯ ಸಾಲು ಅಂದರೆ ಮೈಕ್ ಹಿಡಿದು ಹೇಳಿದ ಹಾಗೆ. ಆಮೇಲೆ ಅದನ್ನು ಅವನ ಗೊಣಗಾಟದ ನಡುವೆ ಸೇರಿಸಿದೆ. ವಾರಕ್ಕೆ ಎರಡೇ ಷಿಲ್ಲಿಂಗ್ ಕೊಡ್ತಾರೆ, ಗಾಡಿ ಖರ್ಚು ನಂದೇ, ಕೀ ಆರು ಸುತ್ತಿಗೇ ಬಿಗಿದುಕೊಂಡಿತು, ಮನೆಯಲ್ಲಿ ಹೆಂಡತಿಗೆ ಹುಷಾರಿಲ್ಲ. ವಾಟ್ಸನ್ ಡಾಕ್ಟರು, ಅವನ ಕಿವಿ ಹೆಂಡತಿಯ ಕಾಯಿಲೆ ಕಡೆ ತಿರುಗುತ್ತದೆ. ಅವನ ಜೊತೆ ಓದುಗನದೂ. ವಾಟ್ಸನ್ ದಡ್ಡನಲ್ಲ, ಒಳ್ಳೆಯವನು. ಇದು ಹೊಳೆದ ಮೇಲೆ ಬರವಣಿಗೆ ಹಗುರವಾಯಿತು. ಅಲ್ಲಿಯವರೆಗೆ ವಾಟ್ಸನ್ ಬಾಯಲ್ಲಿ ಬರೀ 'ಅದ್ಭುತ!' ಇತ್ತು. ಒಂಬತ್ತು 'ಅದ್ಭುತ'ದಲ್ಲಿ ಎಂಟನ್ನು ಹೊಡೆದು ಹಾಕಿದೆ.

ಒಂದು ಪತ್ರಿಕೆ ಉದ್ದ ಜಾಸ್ತಿಯಾಯ್ತು ಎಂದು ಕಥೆಯನ್ನು ವಾಪಸ್ ಕಳಿಸಿತು. ಅದು ಸರಿಯೇ ಇತ್ತು. ಮೂರನೇ ಒಂದು ಭಾಗ ಕತ್ತರಿಸಿದೆ.

ಕತ್ತರಿಸಿದ್ದನ್ನು ಆ ವಾಚ್ ರಿಪೇರಿಯ ಹಿರಿಯರಿಗೆ ಓದಿ ಹೇಳಿದೆ. ಕೈಯಲ್ಲಿನ ಕೆಲಸ ಬಿಡದೆ ಪೂರ್ತಿ ಕೇಳಿದರು. ಕೊನೆಗೆ "ಗಂಟೆ ಹೊಡೆಯೋದಾ, ಹೊಡೆಯದೇ ಇರೋದಾ?" ಅಂದರು. ಹೊಡೆಯುವುದು ಅಂದೆ. "ಹಂಗಾದ್ರೆ ಕೀ ಹಾಕೋಕೆ ಎರಡು ತೂತು ಇರುತ್ತೆ ಸಾರ್. ಒಂದು ಓಡೋಕೆ, ಒಂದು ಹೊಡೆಯೋಕೆ. ನಿಮ್ಮವನು ಒಂದಕ್ಕೇ ಕೊಟ್ಟವ್ನೆ."

ಮನೆಗೆ ಬಂದು ಕೂತೆ. ಒಂದು ತೂತಿನಲ್ಲಿ ಆರೇ ಸುತ್ತು ಅಂದರೆ ಗಡಿಯಾರ ಕೆಟ್ಟಿರಬಹುದು, ಲೆಸ್ಟ್ರೇಡ್ ಹಾಗೇ ಹೇಳಿ ಎದ್ದು ಹೋಗಬಹುದು. ಎರಡರಲ್ಲೂ ಆರಾರೇ ಸುತ್ತು ಅಂದರೆ? ಹಳೇ ಪುಟ ಹರಿದು, ಹೋಮ್ಸ್ ಪೈಪ್ ಕೆಳಗಿಟ್ಟು ಕೇಳುವ ಒಂದು ಪ್ರಶ್ನೆ ಸೇರಿಸಿದೆ: "ಇನ್ನೊಂದು ತೂತಿನಲ್ಲಿ ಎಷ್ಟು ಸುತ್ತು ಹಿಡಿಯಿತು, ನೆನಪಿದೆಯಾ?"