ಕೂಸು ಯಾವ ಊರಿನದು ಎಂದು ಬರೆಯತೊಡಗಿದ ಮೇಲೆ

ಯಾದಗಿರಿ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ವೈದ್ಯೆ. ಎಳೆಗೂಸು ತೀರಿಕೊಂಡರೆ ಮನೆಗೆ ಹೋಗಿ ವಿವರ ಬರೆದುಕೊಳ್ಳಬೇಕು. ಫಾರಂನಲ್ಲಿ ಕಾರಣ ತುಂಬುವುದು ಸುಲಭ. ತೂಕ ಕಡಿಮೆ, ಉಸಿರುಗಟ್ಟಿದ್ದು, ಸೋಂಕು. ಆದರೆ ಅದೇ ತೊಂದರೆ ಇದ್ದ ಪಟ್ಟಣದ ಕೂಸು ಎಷ್ಟೋ ಸಲ ಉಳಿದುಕೊಳ್ಳುತ್ತದೆ, ತಾಂಡಾದ, ಅಂದರೆ ಊರಾಚೆಯ ಲಂಬಾಣಿ ವಸತಿಯ, ಕೂಸು ಉಳಿಯುವುದಿಲ್ಲ. ಯಾಕೆ?

ಅದಕ್ಕೇ ಬೇರೆ ನೋಟ್‌ಬುಕ್ ಇಟ್ಟೆ. ಊರೋ ತಾಂಡಾವೋ, ನೋವು ಶುರುವಾಗಿದ್ದು ಯಾವಾಗ, 108ಕ್ಕೆ ಫೋನ್ ಮಾಡಿದ್ದು, ಆಸ್ಪತ್ರೆ ಮುಟ್ಟಿದ್ದು ಎಷ್ಟೊತ್ತಿಗೆ, ಕೊನೆಯ ಮೂರು ತಿಂಗಳು ತಾಯಿ ಎಲ್ಲಿದ್ದಳು. ಈ ಕೊನೆಯ ಪ್ರಶ್ನೆಯಿಂದಲೇ ಜಾಸ್ತಿ ತಿಳಿಯಿತು. ಗುಳೆ ಹೋದವಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಕಟ್ಟಡ ಕೆಲಸದ ಶೆಡ್ಡಿನಲ್ಲಿರುತ್ತಾಳೆ. ಬಿಪಿ ನೋಡಿಸಿರುವುದಿಲ್ಲ, ರಕ್ತ ಕಡಿಮೆ ಇರುವುದು ಗೊತ್ತಿರುವುದಿಲ್ಲ. ದಿನ ತುಂಬುವಾಗ ಬಸ್ ಹತ್ತಿ ಊರಿಗೆ ಬರುತ್ತಾಳೆ.

ಸತ್ತು ಹುಟ್ಟಿದ ಕೂಸಿನ ವಿವರ ಕೇಳುವುದು ಇನ್ನೂ ಕಷ್ಟ. ತಾಯಿಯನ್ನು ಮೊದಲು ಕೇಳುವುದಿಲ್ಲ, ಹೆರಿಗೆಯಲ್ಲಿ ಜೊತೆಗಿದ್ದ ಅಜ್ಜಿಯ ಪಕ್ಕ ಕೂರುತ್ತೇನೆ. ಅತ್ತಿತಾ? ಕೈಕಾಲು ಆಡಿಸಿತಾ? ಮೈ ಚರ್ಮ ಸುಲಿದಿತ್ತಾ? ಒಬ್ಬ ಅಜ್ಜಿ ಹೇಳಿದರು, "ಒಮ್ಮೆ ಕುಂಯ್ ಅಂತ್ರೀ ಬಾಯಿ, ಆಮ್ಯಾಲ ಸುಮ್ನಾತು." ಕಾಗದದಲ್ಲಿ ಅದು ಸತ್ತೇ ಹುಟ್ಟಿದ ಕೂಸು! ಚರ್ಮ ಸುಲಿದಿದ್ದರೆ ಹೆರಿಗೆಗೆ ಮೊದಲೇ ಹೊಟ್ಟೆಯಲ್ಲಿ ತೀರಿಕೊಂಡಿದೆ ಎಂದರ್ಥ, ಬಸುರಿಯ ತಪಾಸಣೆ ಎಲ್ಲಿ ತಪ್ಪಿತು ಎಂದು ಹುಡುಕಬೇಕು. ಚರ್ಮ ಚೆನ್ನಾಗಿದ್ದರೆ ಹೆರಿಗೆ ಹೊತ್ತಲ್ಲೇ ಹೋಗಿರುವ ಸಾಧ್ಯತೆ ಹೆಚ್ಚು, ಗಾಡಿ ಮತ್ತು ದಾರಿಯ ಲೆಕ್ಕ ನೋಡಬೇಕು. ಉಸಿರಾಡಿದ್ದರೆ ಮೊದಲ ನಿಮಿಷದಲ್ಲೇ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಹಿಡಿಯಬಲ್ಲವರು ಅಲ್ಲಿರಬೇಕಿತ್ತು. ಮೂರಕ್ಕೂ ನಾವು ಮಾಡಬೇಕಾದ ಕೆಲಸ ಬೇರೆ ಬೇರೆ, ಅಲ್ವಾ?

ಹುಟ್ಟು-ಸಾವುಗಳ ಸರ್ಕಾರಿ ಮಾದರಿ ಸಮೀಕ್ಷೆಯಾದ ಎಸ್‌ಆರ್‌ಎಸ್‌ನ 2020ರ ವರದಿ ಪ್ರಕಾರ ದೇಶದಲ್ಲಿ ಹುಟ್ಟಿದ 28 ದಿನದೊಳಗೆ ಸಾಯುವ ಕೂಸುಗಳು ಹಳ್ಳಿಗಳಲ್ಲಿ ಸಾವಿರಕ್ಕೆ 23, ಪಟ್ಟಣಗಳಲ್ಲಿ 12. ಹಳ್ಳಿ ಎಂಬ ಒಂದೇ ಲೆಕ್ಕದೊಳಗೆ ತಾಂಡಾ ಕಾಣುವುದೇ ಇಲ್ಲ. ಸತ್ತು ಹುಟ್ಟಿದವು ಆ ಲೆಕ್ಕಕ್ಕೂ ಬರುವುದಿಲ್ಲ.

ಈಗ ಗುಳೆ ಹೊರಡುವ ಮುಂಚೆಯೇ ಆಶಾ ಕಾರ್ಯಕರ್ತೆ ಬಸುರಿಯರ ಪಟ್ಟಿ ಮಾಡುತ್ತಾಳೆ. ತಾಯಿ ಕಾರ್ಡ್ ಗಂಟಿನಲ್ಲಿ ಇಟ್ಟುಕೊಂಡರಾ ಎಂದು ನೋಡುತ್ತಾಳೆ, ಗುತ್ತೇದಾರನ ನಂಬರ್ ಬರೆದುಕೊಳ್ಳುತ್ತಾಳೆ. ಹೆರಿಗೆಯಾದ ಮೇಲೆ 3, 7, 14, 21, 28, 42ನೇ ದಿನ ಆಶಾ ಮಾಡಬೇಕಾದ ಮನೆ ಭೇಟಿಗಳಲ್ಲಿ ದೂರದ ತಾಂಡಾಗಳ 3ನೇ ದಿನದ್ದೇ ತಪ್ಪುತ್ತಿತ್ತು. ಅದನ್ನು ನಾನೇ ಫೋನ್ ಮಾಡಿ ವಿಚಾರಿಸುತ್ತೇನೆ. ತಾಲ್ಲೂಕಿನ ಸಭೆಗೆ ಕಾರಣಗಳ ಪಟ್ಟಿಯ ಜೊತೆ ಊರುಗಳ ಪಟ್ಟಿಯನ್ನೂ ಒಯ್ಯುತ್ತೇನೆ. ರಾತ್ರಿ ಹೊತ್ತು ಗಾಡಿ ಬರದ ತಾಂಡಾಗಳ ಹೆಸರು ಅದರಲ್ಲಿ ಮೊದಲು ಇರುತ್ತವೆ.