ಹಳೆ ಅಂಟಿನ ಮೇಲೆ ಹೊಸ ಅಂಟು

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಮುಧೋಳ ತಾಲೂಕಿನ ಊರುಗಳಿಗೆ ನೀರು ನುಗ್ಗಿತ್ತಲ್ಲ, ಆಗ ನನ್ನ ಅಂಗಡಿ ಮುಂದೆ ನೆನೆದ ಕುರ್ಚಿ, ಮಂಚಗಳದ್ದೇ ಸಾಲು. ಬಡಿಗತನಕ್ಕೆ ಕೂತು ಅಷ್ಟೊತ್ತಿಗೆ ಇಪ್ಪತ್ತು ವರ್ಷ ಆಗಿತ್ತು. ಆದರೂ ಅಂಟಿನ ಬಗ್ಗೆ ಸರಿಯಾಗಿ ಕಲಿತದ್ದು ಆ ವರ್ಷವೇ, ಅದೂ ಮರ್ಯಾದೆ ಕಳೆದುಕೊಂಡು.

ಒಂದೇ ಮನೆಯವು, ಆರು ಸಾಗವಾನಿ ಕುರ್ಚಿ. ಬಿಳಿ ಅಂಟಿನಲ್ಲಿ, ಅಂದರೆ ಫೆವಿಕಾಲ್ ಥರದ್ದರಲ್ಲಿ, ಕೂಡಿಸಿದ್ದವು. ನೀರಲ್ಲಿ ನಿಂತು ಜಾಯಿಂಟ್ ಎಲ್ಲಾ ಸಡಿಲಾಗಿದ್ದವು. ನೆರಳಲ್ಲಿ ಒಣಗಿಸಿದೆ, ಸಂದಿಗೆ ಹೊಸ ಅಂಟು ಬಿಟ್ಟು ಕ್ಲಾಂಪ್ ಬಿಗಿದೆ, ಮರುದಿನ ಕೊಟ್ಟು ಕಳಿಸಿದೆ. ಸಂಕ್ರಾಂತಿ ಹೊತ್ತಿಗೆ ನಾಲ್ಕು ವಾಪಸ್ ಬಂದವು. "ಬಡಿಗ್ಯಾರ, ನಮ್ಮ ಮಾವನವರು ಚಾ ಕುಡಿತಿದ್ದಂಗ ಬಿದ್ರು ನೋಡ್ರಿ" ಅಂದರು ಆ ಮನೆಯ ಅಕ್ಕ. ನನಗೆ ತಲೆ ಎತ್ತಲಾಗಲಿಲ್ಲ.

ಒಂದು ಜಾಯಿಂಟ್ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದೆ. ಹಳೆ ಅಂಟು ಕಟ್ಟಿಗೆ ಮೇಲೆ ಮಿರಮಿರ ಹೊಳೆಯುತ್ತ ಹಾಗೇ ಕೂತಿತ್ತು. ಅದರ ಮೇಲೆ ನಾನು ಬಿಟ್ಟ ಅಂಟು ಉಗುರು ತಾಗಿಸಿದರೆ ಹಾಲಿನ ಕೆನೆ ಥರ ಎದ್ದು ಬಂತು. ಬಿಳಿ ಅಂಟು ಹಿಡಿಯೋದು ಕಟ್ಟಿಗೆಯ ನಾರಿನೊಳಗೆ ಇಳಿದು. ಒಣಗಿದ ಹಳೆ ಪದರ ಆ ದಾರಿಯನ್ನೇ ಮುಚ್ಚಿರುತ್ತದೆ. ಹೊಸದು ಇಳಿಯೋದಾದರೂ ಎಲ್ಲಿಗೆ?

ಈ ಸಲ ಅವಸರ ಮಾಡಲಿಲ್ಲ. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಜಾಯಿಂಟಿಗೆ ಅರ್ಧ ತಾಸು ಸುತ್ತಿಟ್ಟೆ. ಅಂಟು ಮತ್ತೆ ಬೆಳ್ಳಗಾಗಿ ಉಬ್ಬಿತು. ಉಳಿಯಿಂದ ಕೆರೆದೆ, ಪೂರ್ತಿ ಒಣಗಿಸಿ ಪಾಲಿಶ್ ಪೇಪರ್ ಹಾಕಿದೆ. ಆಮೇಲೆ ಅಲ್ಲಲ್ಲಿ ಒಂದೊಂದು ಹನಿ ನೀರು ಇಟ್ಟೆ. ಹನಿ ಹೀರಿಕೊಂಡ ಕಡೆ ಕಟ್ಟಿಗೆ ಬಾಯಿ ತೆರೆದಿದೆ. ಮುತ್ತಿನ ಹಾಗೆ ನಿಂತ ಕಡೆ ಹಳೆ ಅಂಟು ಇನ್ನೂ ಇದೆ, ಮತ್ತೆ ಕೆರೆಯಬೇಕು. ಸಾಗವಾನಿಗೆ ಎಣ್ಣೆ ಅಂಶ ಬೇರೆ ಇರುತ್ತದಲ್ವಾ, ಹಾಗಾಗಿ ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಅದು ಆರಿದ ತಕ್ಷಣ ಅಂಟು ಹಚ್ಚಿದೆ. ಕೆರೆದೂ ಕೆರೆದೂ ಸಡಿಲಾದ ಕಡೆ ಕಟ್ಟಿಗೆಯದೇ ತೆಳುವಾದ ಸಿಪ್ಪೆ ಸೇರಿಸಿದೆ. ಬಿಳಿ ಅಂಟು ಸಂದು ತುಂಬುವುದಿಲ್ಲ, ತುಂಬಿದ ಹಾಗೆ ಕಾಣುತ್ತದೆ ಅಷ್ಟೇ.

ಅದೇ ನೀರಲ್ಲಿ ನೆನೆದ ಇನ್ನೊಂದು ಹಳೇ ಕಾಲದ ಕುರ್ಚಿ ಚೀಲದಲ್ಲಿ ಬಂದಿತ್ತು, ಅಷ್ಟೂ ಬಿಡಿಬಿಡಿಯಾಗಿ. ಸರೇಸು ಹಾಕಿದ್ದು, ಅಂದರೆ ದನದ ತೊಗಲು, ಎಲುಬು ಕುದಿಸಿ ಮಾಡುವ ಅಂಟು. ನೀರಿಗೆ ಅದು ನಿಲ್ಲೋದೇ ಇಲ್ಲ, ನಮ್ಮ ಒಣ ಬೇಸಿಗೆಗೆ ಪೆಡಸಾಗಿ ಪುಡಿಯೂ ಆಗುತ್ತದೆ. ಆದರೆ ಒಂದು ತುದಿಯೂ ಮುರಿದಿರಲಿಲ್ಲ. ಬಿಸಿನೀರಿಗೆ ಹಳೆಯದು ಕರಗಿ ಹೋಗುತ್ತದೆ, ಉಳಿದದ್ದು ಹೊಸ ಬಿಸಿ ಸರೇಸಿನೊಳಗೆ ಬೆರೆತುಬಿಡುತ್ತದೆ. ಕುದಿಸಬಾರದು, ನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು 60 ಡಿಗ್ರಿ ಆಸುಪಾಸು ಕಾಯಿಸಬೇಕು. ವಾಸನೆಗೆ ಮನೆಯವಳ ಬೈಗುಳ ಬಿಟ್ಟರೆ ಬೇರೆ ತೊಂದರೆ ಇಲ್ಲ. ಮುಂದೆ ಬಿಚ್ಚಿ ರಿಪೇರಿ ಮಾಡಬೇಕಾದ ಸಾಮಾನಿಗೆ ನನಗೆ ಇವತ್ತಿಗೂ ಇದೇ ಸರಿ.

ಪ್ಲೈವುಡ್ ಕಪಾಟುಗಳ ಕತೆ ಚಿಕ್ಕದು. ಎಂಆರ್ ಗ್ರೇಡಿನವು, ಅಂದರೆ ಬರೀ ತೇವ ತಡೆಯುವಂಥವು, ಪದರ ಪದರ ಬಿಚ್ಚಿಕೊಂಡವು. ಅಂಚಿನಲ್ಲಿ ಕಂದು ಗೆರೆ ಕಾಣುವ, ಫೀನಾಲಿಕ್ ಅನ್ನೋ ನೀರಿಗೆ ಜಗ್ಗದ ಅಂಟಿನ ಮರೀನ್ ಪ್ಲೈ ತಡೆದುಕೊಂಡಿತ್ತು.

ನೀರು ಬೀಳದಿದ್ದರೂ ಬಿಳಿ ಅಂಟು ಸುಮ್ನೆ ಕೂರಲ್ಲ. ಭಾರ ಮತ್ತು ಸೆಕೆ ಎರಡೂ ಸೇರಿದರೆ ನಿಧಾನಕ್ಕೆ ಜಾರುತ್ತದೆ. ನಮ್ಮ ಮನೆ ಮೇಜಿನ ಹಲಗೆ ಸಂದಿನ ಮೇಲೆ ಬೆರಳಾಡಿಸಿದರೆ ಕೂದಲಷ್ಟು ಉಬ್ಬು ಸಿಗುತ್ತದೆ. ಮಾಡಿದ ದಿನ ಅದು ಇರಲಿಲ್ಲ.

ಆ ನಾಲ್ಕು ಕುರ್ಚಿ ಇವತ್ತಿಗೂ ಗಟ್ಟಿ ಇವೆ. ಉಳಿದೆರಡನ್ನೂ ಬಿಚ್ಚಿ ಕೊಡ್ತೀನಿ ಅಂದರೆ ಅಕ್ಕ ಒಪ್ಪುವುದಿಲ್ಲ. "ಚಲೋ ಅದಾವ, ಬಿಡ್ರಿ" ಅನ್ನುತ್ತಾರೆ. ಅವರ ಮನೆಗೆ ಹೋದರೆ ನಾನು ಚಾಪೆ ಮೇಲೆ ಕೂರುತ್ತೇನೆ.