ಗ್ರಾಫಿಕ್ಸ್ ಕಾರ್ಡ್ ಕೂರಿಸುವ ಮುನ್ನ ಪಿಸಿ ಕೇಸಿನ ಹಿಂಭಾಗ ನೋಡಿ

ಹೊಸ ಕಾರ್ಡ್ ಹಾಕಿ ಸ್ಕ್ರೀನ್ ಬರದಿದ್ದರೆ "ಕಾರ್ಡೇ ಡೆಡ್ ಬಂದಿದೆ" ಅಂತ ವಾಪಸ್ ಕಳಿಸುವವರು ಮೈಸೂರಿನಲ್ಲೂ ಇದ್ದಾರೆ, ಮಂಡ್ಯದಲ್ಲೂ ಇದ್ದಾರೆ. ತುಂಬಾ ಸಲ ಕಾರ್ಡ್ ಚೆನ್ನಾಗೇ ಇರುತ್ತೆ, ಸರಿಯಾಗಿ ಕೂತಿರುವುದಿಲ್ಲ ಅಷ್ಟೆ.

ಕೊಳ್ಳುವ ಮೊದಲೇ ಕೇಸಿನೊಳಗೆ ಟೇಪ್ ಹಿಡಿದು ಉದ್ದ ಅಳೆಯಿರಿ, ಮುಂದಿನ ಫ್ಯಾನ್ ತಿನ್ನುವ ಜಾಗ ಕಳೆದುಬಿಡಿ. ದಪ್ಪವನ್ನೂ ನೋಡಿ, ಅದನ್ನು ಅಳೆಯುವುದು ಸ್ಲಾಟಿನಲ್ಲಿ, ಅಂದರೆ ಬೋರ್ಡಿನಲ್ಲಿ ಕಾರ್ಡ್ ಕೂರುವ ಜಾಗದ ಲೆಕ್ಕದಲ್ಲಿ. ಮದರ್‌ಬೋರ್ಡಿನ ಅಳತೆ ಎಟಿಎಕ್ಸ್ ಆದರೆ 7 ಸ್ಲಾಟ್, ಮೈಕ್ರೋ ಎಟಿಎಕ್ಸ್‌ನಲ್ಲಿ 4, ಮಿನಿ ಐಟಿಎಕ್ಸ್‌ನಲ್ಲಿ ಒಂದೇ. ಉದ್ದದ ಸ್ಲಾಟ್ ಎರಡಿದ್ದರೆ ಪ್ರೊಸೆಸರ್ ಹತ್ತಿರದ್ದೇ ಬಳಸಿ. ಕೆಳಗಿನದು ನೋಡೋಕೆ ಎಕ್ಸ್16 (ಡೇಟಾ ಓಡಾಡೋಕೆ 16 ದಾರಿ), ಒಳಗೆ ವೈರಿಂಗ್ ಬರೀ ಎಕ್ಸ್4 (4 ದಾರಿ) ಇರುವುದೇ ಜಾಸ್ತಿ.

ಪವರ್ ಆಫ್ ಮಾಡಿ, ಪ್ಲಗ್ ಕಿತ್ತು, ಕೇಸನ್ನು ಮಲಗಿಸಿ.

ಕೇಸಿನ ಹಿಂದೆ ಸ್ಲಾಟ್ ಮುಚ್ಚಿರುವ ಯಾವ ತಗಡು ತೆಗೆಯಬೇಕು ಅಂತ ಕಾರ್ಡನ್ನು ಅಲ್ಲೇ ಹಿಡಿದು ನೋಡಿಕೊಳ್ಳಿ. ಅಗ್ಗದ ಕೇಸುಗಳಲ್ಲಿ ಈ ತಗಡನ್ನು ತಿರುಚಿ ಮುರಿಯಬೇಕು, ತಪ್ಪಾದದ್ದು ಮುರಿದರೆ ಆ ತೂತು ಹಾಗೇ ಉಳಿಯುತ್ತೆ, ಧೂಳಿಗೆ ಒಳ್ಳೆ ದಾರಿ. ಇನ್ನೂರು ಮುನ್ನೂರು ರೂಪಾಯಿ ಉಳಿಸೋಕೆ ಅಂಥ ಕೇಸ್ ತಗೋಬೇಡಿ.

ಈಗ ಎಲ್ಲರೂ ಎಡವುವ ಜಾಗ. ಕಾರ್ಡಿನ ಲೋಹದ ಬ್ರಾಕೆಟ್ಟಿನ ತುದಿಯಲ್ಲಿ ಒಂದು ಸಣ್ಣ ನಾಲಿಗೆ ಇದೆ. ಅದು ಮದರ್‌ಬೋರ್ಡಿನ ಅಂಚಿಗೂ ಕೇಸಿನ ಹಿಂಗೋಡೆಗೂ ನಡುವಿನ ಸಂದಿಗೆ ಇಳಿಯಬೇಕು. ಬೋರ್ಡಿನ ಮೇಲೆ ಕೂತರೆ ಎಷ್ಟು ಒತ್ತಿದರೂ ಕಾರ್ಡ್ ಪೂರ್ತಿ ಇಳಿಯುವುದಿಲ್ಲ, ಒತ್ತಿದಷ್ಟೂ ಬೋರ್ಡ್ ಬಗ್ಗುತ್ತೆ. ಮೊಬೈಲ್ ಟಾರ್ಚ್ ಬಿಟ್ಟು ನಾಲಿಗೆ ಇಳಿದದ್ದನ್ನು ನೋಡಿ, ಆಮೇಲೆ ಎರಡೂ ತುದಿಗೆ ಸಮನಾಗಿ ಒತ್ತಿ. ಸ್ಲಾಟಿನ ತುದಿಯ ಲ್ಯಾಚ್ (ಕೊಂಡಿ) ಟಕ್ ಅನ್ನಬೇಕು. ಬ್ರಾಕೆಟ್ಟಿನ ಸ್ಕ್ರೂ ತೂತು ಕೇಸಿನ ತೂತಿಗೆ ಸೇರದಿದ್ದರೆ ಸುಮ್ನೆ ಎಳೆದು ಬಿಗಿಯಬೇಡಿ. ಹಾಗೆ ಬಿಗಿದರೆ ಈ ತುದಿ ಕೂರುತ್ತೆ, ಆ ತುದಿ ಸ್ಲಾಟಿನಿಂದ ಕೂದಲೆಳೆಯಷ್ಟು ಏಳುತ್ತೆ. ಸ್ಕ್ರೀನ್ ಬರದಿರೋಕೆ ಅಷ್ಟು ಸಾಕು. ತಪ್ಪು ಇರುವುದು ಬೋರ್ಡ್ ಕೂತ ರೀತಿಯಲ್ಲಿ: ಹಿಂದಿನ ಐಓ ಶೀಲ್ಡಿನ (ಯುಎಸ್‌ಬಿ ಮುಂತಾದ ಪೋರ್ಟ್‌ಗಳ ಸುತ್ತ ಇರುವ ತಗಡಿನ) ಸ್ಪ್ರಿಂಗ್ ಪಟ್ಟಿಗಳು ಅದನ್ನು ಮುಂದಕ್ಕೆ ತಳ್ಳಿರುತ್ತವೆ. ಕಾರ್ಡ್ ತೆಗೆದು, ಬೋರ್ಡಿನ ಸ್ಕ್ರೂಗಳನ್ನು ಸಡಿಲಿಸಿ, ಹಿಂದಕ್ಕೆ ಒತ್ತಿ ಹಿಡಿದು ಮತ್ತೆ ಬಿಗಿಯಿರಿ. ಕೊನೆಗೊಮ್ಮೆ ಪಕ್ಕದಿಂದ ಬಗ್ಗಿ ನೋಡಿ, ಕಾರ್ಡಿನ ಅಂಚಿನ ಚಿನ್ನದ ಬಣ್ಣದ ಪಟ್ಟಿ ಒಂದು ಕಡೆ ಜಾಸ್ತಿ ಕಂಡರೆ ಇನ್ನೂ ಕೂತಿಲ್ಲ ಅಂತಲೇ ಅರ್ಥ.

ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವಾಟ್. ಪವರ್ ಸಪ್ಲೈಯಿಂದ ಕಾರ್ಡಿಗೆ ಬರುವ 6 ಪಿನ್ ಕೇಬಲ್ ಇನ್ನೊಂದು 75, 8 ಪಿನ್ 150. ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ಕೇಬಲ್ಲಿನಿಂದ 8 ಪಿನ್ ಮಾಡುವ ಅಡಾಪ್ಟರ್ ಸಿಗುತ್ತೆ, ಮುಟ್ಟಲೇಬೇಡಿ, ಕರಗುತ್ತೆ. ಮಾನಿಟರ್ ಕೇಬಲ್ ಬೋರ್ಡಿಗಲ್ಲ, ಕಾರ್ಡಿಗೆ.

ಮಂಡ್ಯದಿಂದ ಮೈಸೂರಿಗೆ ಪಿಸಿ ಸಾಗಿಸುವಾಗ ಭಾರದ ಕಾರ್ಡನ್ನು ಬಿಚ್ಚಿ ಬೇರೆ ಡಬ್ಬಿಯಲ್ಲಿಡಿ. ಹೆದ್ದಾರಿ ಬಿಟ್ಟ ಮೇಲೆ ಸಿಗುವ ಹಂಪ್‌ಗಳು ಸ್ಲಾಟನ್ನೇ ಕಿತ್ತು ಬಿಡಬಹುದು. ಬಿಚ್ಚುವಾಗ ಲ್ಯಾಚ್ ಒತ್ತೋಕೆ ಬೆರಳು ಹೋಗುವುದಿಲ್ಲ ಅಲ್ವಾ? ಐಸ್‌ಕ್ರೀಂ ಕಡ್ಡಿ ಬಳಸಿ. ಸ್ಕ್ರೂಡ್ರೈವರ್ ಜಾರಿದರೆ ಬೋರ್ಡಿನ ಮೇಲೆ ಗೀರು ಬಿದ್ದು, ವಾರಂಟಿಗೂ ಕುತ್ತು.